ಚಾಚಿದ ಕೈಯಲ್ಲಿ ಚಹಾದ ಲೋಟ

ಮಗಳ ಮದುವೆ ಗೊತ್ತಾಗಿದೆ, ಕೈಯಲ್ಲಿ ದುಡ್ಡಿಲ್ಲ. ಇಂಥ ಹೊತ್ತಿನಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತುವವರಿದ್ದಾರೆ, ಒಡವೆ ಅಡವಿಡುವವರಿದ್ದಾರೆ, ತಲೆ ತಗ್ಗಿಸಿಕೊಂಡು ನೆಂಟರ ಬಾಗಿಲಲ್ಲಿ ನಿಲ್ಲುವವರೂ ಇದ್ದಾರೆ. ಕೇರಳದ ಕೋಯಿಕ್ಕೋಡ್ ಜಿಲ್ಲೆಯ ವಡಕರ ಸೀಮೆಯಲ್ಲಿ ಇನ್ನೊಂದು ದಾರಿಯಿದೆ. ದುಡ್ಡು ಬೇಕಾದವನು ಊರವರನ್ನೆಲ್ಲ ಚಹಾಕ್ಕೆ ಕರೆಯುತ್ತಾನೆ.

ಇದರ ಹೆಸರು ಪಣಪ್ಪಯಟ್ಟು. ನಮ್ಮ ‘ಹಣ’ವೂ ಹಳಗನ್ನಡದಲ್ಲಿ ‘ಪಣ’ವೇ ಆಗಿತ್ತು, ಪಯಟ್ಟು ಎಂದರೆ ಕಳರಿಪಯಟ್ಟಿನಲ್ಲಿ ಬರುವ ಅದೇ ಪಯಟ್ಟು. ಕುರಿಕಲ್ಯಾಣ ಎಂಬ ಹೆಸರೂ ಉಂಟು. ಈ ‘ಕುರಿ’ಗೂ ನಮ್ಮ ಕುರಿಗೂ ಸಂಬಂಧವಿಲ್ಲ, ಮಲಯಾಳದಲ್ಲಿ ಕುರಿ ಎಂದರೆ ಚೀಟಿ. ‘ಟೀ ಪಾರ್ಟಿ’ ಎಂದೇ ಹೇಳುವುದೂ ಇದೆ. ಬಂದವರು ಚಹಾ ಕುಡಿದು, ತಿಂಡಿ ತಿಂದು, ಹಣ ಕೊಟ್ಟು ಹೋಗುತ್ತಾರೆ. ಯಾರು ಎಷ್ಟು ಕೊಟ್ಟರೆಂಬುದು ಪುಸ್ತಕದಲ್ಲಿ ದಾಖಲಾಗುತ್ತದೆ.

ಲೆಕ್ಕದ ಸೊಗಸು ಆಮೇಲಿನದು. ನಿಮ್ಮ ಪಯಟ್ಟಿಗೆ ನಾನು 1,000 ರೂಪಾಯಿ ಕೊಟ್ಟೆ ಎನ್ನಿ. ನಾಳೆ ನನ್ನ ಪಯಟ್ಟಿಗೆ ನೀವು 2,000 ತರುತ್ತೀರಿ. ಅದರಲ್ಲಿ ಒಂದು ಸಾವಿರ ನನ್ನದೇ, ವಾಪಸು ಬಂತು. ಉಳಿದದ್ದು ನೀವು ನನಗೆ ಹೊಸದಾಗಿ ಕೊಟ್ಟದ್ದು, ಮುಂದೆ ನಾನು ತೀರಿಸಬೇಕಾದದ್ದು. ಹೀಗೆ ಒಮ್ಮೆ ನೀವು ಸಾಲಗಾರರು, ಒಮ್ಮೆ ನಾನು. ಬಡ್ಡಿಯಿಲ್ಲ, ಜಾಮೀನಿಲ್ಲ, ಅಡಮಾನವಿಲ್ಲ. ಇರುವುದು ಆ ಪುಸ್ತಕ, ಮತ್ತು ನಾಳೆಯೂ ಅದೇ ಊರಿನಲ್ಲಿ ಮುಖ ತೋರಿಸಬೇಕೆಂಬ ಅರಿವು.

ನನ್ನ ಮನಸ್ಸಿಗೆ ನಾಟಿದ್ದು ಈ ಲೆಕ್ಕಕ್ಕಿಂತಲೂ ಆ ಚಹಾ. ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ ಎಂದು ಕೇಳಿಕೊಂಡೇ ಬೆಳೆದವರು ನಾವು. ಪಯಟ್ಟಿನಲ್ಲಿ ಬೇಡುವವನೇ ಮನೆಯ ಯಜಮಾನ. ಬಾಗಿಲಲ್ಲಿ ನಿಂತು ಬನ್ನಿ, ಕೂತ್ಕೊಳ್ಳಿ ಎನ್ನುವವನು ಅವನು, ಮೊದಲು ಕೊಡುವವನೂ ಅವನೇ. ಅವನು ಚಾಚಿದ ಕೈಯಲ್ಲಿ ಚಹಾದ ಲೋಟವಿರುತ್ತದೆ. ಕಷ್ಟದಲ್ಲಿರುವ ಮನುಷ್ಯನ ಮಾನ ಕಾಯುವ ಇಷ್ಟು ಸರಳವಾದ ಉಪಾಯ ಬೇರೊಂದಿದೆಯೆಂದು ನನಗೆ ತೋರುವುದಿಲ್ಲ.

ನಮ್ಮ ಮದುವೆ ಚಪ್ಪರದಲ್ಲಿ ಮುಯ್ಯಿ ಬರೆಯುವವರನ್ನು ಕಂಡವರಿಗೆ ಇದು ಹೊಸದೆನಿಸದು. ಅದೂ ಹೆಸರು, ಊರು, ಮೊತ್ತದ ಪುಸ್ತಕವೇ. ಬಂದ ಮುಯ್ಯಿ ಹಿಂತಿರುಗಬೇಕು. ಆದರೆ ಮುಯ್ಯಿಗೆ ಮದುವೆಯೋ ಗೃಹಪ್ರವೇಶವೋ ಬರಬೇಕು. ಪಯಟ್ಟಿಗೆ ಅವಶ್ಯಕತೆಯೇ ಸಮಾರಂಭ.

ಇದೇ ಚಹಾದ ಮೇಜನ್ನು ಮೂರನೆಯವರಿಗಾಗಿ ಹಾಕುವ ಪದ್ಧತಿ ಬ್ರಿಟನ್ನಿನಲ್ಲಿ ದೊಡ್ಡದಾಗಿ ಬೆಳೆದಿದೆ. ಡಗ್ಲಾಸ್ ಮ್ಯಾಕ್‌ಮಿಲನ್ ಎಂಬಾತ, ತಂದೆ ಕ್ಯಾನ್ಸರಿನಿಂದ ತೀರಿಕೊಂಡದ್ದನ್ನು ಕಂಡು 1911ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಇಂದು ಅದು ಮ್ಯಾಕ್‌ಮಿಲನ್ ಕ್ಯಾನ್ಸರ್ ಸಪೋರ್ಟ್. 1990ರಲ್ಲಿ ಅದು ನಡೆಸಿದ ಸಣ್ಣ ಕಾಫಿ ಕೂಟದ ವಿಚಾರ ಇಷ್ಟೇ: ಜೊತೆಗೆ ಕೂತು ಕಾಫಿ ಕುಡಿಯಿರಿ, ಆ ಕಪ್ಪಿನ ಬೆಲೆಯನ್ನು ಕೊಟ್ಟು ಹೋಗಿ. ಮರುವರ್ಷವೇ ಅದು ದೇಶಕ್ಕೆಲ್ಲ ಹರಡಿತು. ಈಗ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮನೆ, ಕಚೇರಿ, ಶಾಲೆ, ಚರ್ಚುಗಳಲ್ಲಿ ಕೇಕು ಬೇಯಿಸಿ ಜನ ಸೇರುತ್ತಾರೆ. ಆಸ್ಟ್ರೇಲಿಯಾದ ಕ್ಯಾನ್ಸರ್ ಕೌನ್ಸಿಲ್ 1994ರಿಂದ ಮೇ ತಿಂಗಳಲ್ಲಿ ಇಂಥದ್ದೇ ಬೆಳಗಿನ ಚಹಾ ಕೂಟಗಳನ್ನು ನಡೆಸುತ್ತಿದೆ.

ಅಲ್ಲಿ ಕೊಟ್ಟ ದುಡ್ಡು ತಿರುಗಿ ಬರುವುದಿಲ್ಲ, ನಾವೆಂದೂ ನೋಡದ ರೋಗಿಯೊಬ್ಬರ ಹಾಸಿಗೆಯ ಬಳಿಗೆ ಹೋಗುತ್ತದೆ. ಆದರೂ ಜನ ಕೊಡುತ್ತಾರೆ. ಡಬ್ಬಿ ಅಲ್ಲಾಡಿಸುತ್ತ ಬಂದವರನ್ನು ದಾಟಿ ಹೋಗುವವರು ಕೂಡ ಪರಿಚಿತರ ಮನೆಯಲ್ಲಿ ಅರ್ಧ ಗಂಟೆ ಕೂತ ಮೇಲೆ ಜೇಬಿಗೆ ಕೈ ಹಾಕುತ್ತಾರೆ. ಆ ಅರ್ಧ ಗಂಟೆಯಲ್ಲಿ ಒಬ್ಬರು ತಾಯಿಯ ಕಾಯಿಲೆಯ ಮಾತು ತೆಗೆಯುತ್ತಾರೆ, ಇನ್ನೊಬ್ಬರು ಅಣ್ಣನನ್ನು ಕಳೆದುಕೊಂಡದ್ದನ್ನು ಹೇಳುತ್ತಾರೆ.

ನಮ್ಮಲ್ಲಿ ಇಂಥ ಕೂಟ ಕರೆಯುವುದು ಕಷ್ಟವೇನಲ್ಲ. ಬೆಂಗಳೂರಿನ ಕರುಣಾಶ್ರಯವು ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿಯನ್ನೂ ಪಡೆಯದೆ ನೋಡಿಕೊಳ್ಳುತ್ತದೆ. ಅಂಥ ಸಂಸ್ಥೆಗಾಗಿ ಕರೆಯಬಹುದು, ನಿಮ್ಮ ಊರಿನ ಶಾಲೆಯ ಗ್ರಂಥಾಲಯಕ್ಕಾಗಿಯೂ ಆಗಬಹುದು. ಕಾರಣ ಒಂದೇ ಇರಲಿ, ಕರೆಯುವಾಗಲೇ ಅದನ್ನು ಹೇಳಿ. ಚಹಾಕ್ಕೆಂದು ಕರೆದು ಕೂರಿಸಿ, ನಡುವೆ ದೇಣಿಗೆಯ ಮಾತೆತ್ತುವುದು ಅತಿಥಿಗೆ ಮಾಡುವ ಅನ್ಯಾಯ. ಹಾಲು, ಸಕ್ಕರೆ, ಚಕ್ಕುಲಿ, ಕೋಡುಬಳೆಯ ಖರ್ಚು ಮನೆಯವರದೇ ಆಗಬೇಕು. ಅದನ್ನು ಬಂದ ಹಣದಲ್ಲಿ ಕಳೆದರೆ ಹೋಟೆಲಿಗೂ ಮನೆಗೂ ವ್ಯತ್ಯಾಸವೇನು ಉಳಿಯಿತು? ದೊಡ್ಡ ಮೊತ್ತ ಕೊಡುವವರು ನೇರವಾಗಿ ಸಂಸ್ಥೆಯ ಖಾತೆಗೇ ಹಾಕಿದರೆ ರಸೀದಿ ಅವರ ಹೆಸರಿಗೆ ಬರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಇದು ಮುಖ್ಯ, ಏಕೆಂದರೆ 2,000 ರೂಪಾಯಿ ದಾಟಿದ ನಗದು ದೇಣಿಗೆಗೆ ತೆರಿಗೆ ರಿಯಾಯಿತಿ ಸಿಗದು.

ಮೇಜಿನ ಮೇಲೆ ಮೊತ್ತ ಮುಚ್ಚಿಡುವ ಲಕೋಟೆಗಳಿರಲಿ. ಪಯಟ್ಟಿನಲ್ಲಿ ಎಷ್ಟೆಂಬುದನ್ನು ಬರೆದಿಡುವುದು ಹಿಂತಿರುಗಿಸಲಿಕ್ಕಾಗಿ. ಇಲ್ಲಿ ಹಿಂತಿರುಗಿಸುವ ಮಾತಿಲ್ಲ. ನೂರು ಕೊಟ್ಟವರು ಸಾವಿರ ಕೊಟ್ಟವರ ಪಕ್ಕದಲ್ಲಿ ಸಂಕೋಚವಿಲ್ಲದೆ ಇನ್ನೊಂದು ಲೋಟ ಕೇಳುವಂತಿರಬೇಕು. ಒಟ್ಟು ಎಷ್ಟಾಯಿತೆಂಬುದನ್ನು, ಸಂಸ್ಥೆ ಕೊಟ್ಟ ರಸೀದಿಯ ಚಿತ್ರದೊಡನೆ, ಮರುದಿನ ಬಂದವರೆಲ್ಲರ ಮೊಬೈಲಿಗೂ ಕಳಿಸಿ. ಮೊದಲ ಲಕೋಟೆಯನ್ನು ಮಾತ್ರ, ಅತಿಥಿಗಳು ಬರುವ ಮುಂಚೆಯೇ, ಕರೆದವರು ಹಾಕಿಟ್ಟಿರಲಿ.