ಹಳೆಯ ಅಕ್ಷರ ಪರದೆಯ ತಂತ್ರಾಂಶಕ್ಕೆ ಹೊಸ ರೂಪ: ಗಮನಿಸಬೇಕಾದ ಅಂಶಗಳು

ಕಪ್ಪು ಪರದೆಯ ಮೇಲೆ ಅಕ್ಷರಗಳು ಮಾತ್ರ ಮೂಡುವ, ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ನಡೆಯುವ ಲೆಕ್ಕಪತ್ರ ತಂತ್ರಾಂಶಗಳನ್ನು ಸಹಕಾರ ಸಂಘ, ಬ್ಯಾಂಕ್, ಮಂಡಿಗಳಲ್ಲಿ ನಮ್ಮಲ್ಲಿ ಹಲವರು ಕಂಡಿದ್ದೇವೆ. ಕೋಬಾಲ್, ಡಿಬೇಸ್, ಫಾಕ್ಸ್‌ಪ್ರೋಗಳಲ್ಲಿ ರಚಿತವಾದ ಇಂತಹ ತಂತ್ರಾಂಶಗಳು ಕೆಲವೆಡೆ ಇಂದಿಗೂ ಬಳಕೆಯಲ್ಲಿವೆ. ಸಾಲಿಗೆ 80 ಅಕ್ಷರ, ಪರದೆಗೆ 24 ಅಥವಾ 25 ಸಾಲು ಎಂಬುದು ಅವುಗಳ ಸಾಮಾನ್ಯ ಅಳತೆ. 1928ರಲ್ಲಿ ಐಬಿಎಂ ಸಂಸ್ಥೆಯು ಬಳಕೆಗೆ ತಂದ ರಂಧ್ರಪತ್ರದಲ್ಲಿಯೂ 80 ಅಂಕಣಗಳೇ ಇದ್ದವು.

ಇವು ನೋಡಲು ಹಳೆಯವು, ಆದರೆ ನಿಧಾನವಲ್ಲ. ಸಹಕಾರ ಸಂಘವೊಂದರಲ್ಲಿ ಗುಮಾಸ್ತರೊಬ್ಬರು ಪರದೆಯತ್ತ ನೋಡದೆಯೇ ಖಾತೆ ಸಂಖ್ಯೆ, ಮೊತ್ತ ಒತ್ತಿ, ಎಂಟರ್ ಕೀಲಿಯಿಂದ ರಶೀದಿ ಮುದ್ರಿಸುತ್ತಿದ್ದುದನ್ನು ನಾನು ಕಂಡಿದ್ದೆ. ಹೊಸ ತಂತ್ರಾಂಶ ಬಂದ ಮೇಲೆ ಅದೇ ರಶೀದಿಗೆ ಮೂರು ಪುಟಗಳನ್ನು ತೆರೆದು, ಪ್ರತಿ ಪುಟದಲ್ಲೂ ಮೌಸ್ ಹಿಡಿಯಬೇಕಾಯಿತು. ಸರತಿ ಸಾಲು ರಸ್ತೆಯವರೆಗೆ ಬೆಳೆಯಿತು. ಕೂಲಿ ಬಿಟ್ಟು ಬಂದಿದ್ದ ವೃದ್ಧೆಯೊಬ್ಬರು ಹಣ ಕಟ್ಟಲಾಗದೆ ಹಿಂದಿರುಗಿದರು. ಪರದೆ ಸುಂದರವಾಗಿತ್ತು, ಸೇವೆ ಕುಂಠಿತವಾಗಿತ್ತು.

ಬದಲಾವಣೆಗೆ ಮುಖ್ಯವಾಗಿ ಮೂರು ಮಾರ್ಗಗಳಿವೆ.

1. ಹೊದಿಕೆ ವಿಧಾನ: ಹಳೆಯ ತಂತ್ರಾಂಶವನ್ನು ಹಾಗೆಯೇ ಉಳಿಸಿ, ಅದರ ಪರದೆಯ ನಿರ್ದಿಷ್ಟ ಸಾಲು ಮತ್ತು ಅಂಕಣದಲ್ಲಿರುವ ಅಕ್ಷರಗಳನ್ನು ಓದಿ ಹೊಸ ಪುಟದಲ್ಲಿ ತೋರಿಸುವುದು. ಇದು ಶೀಘ್ರ ಸಾಧ್ಯ. ಆದರೆ ಹಳೆಯ ಪರದೆಯಲ್ಲಿ ಒಂದು ಅಂಕಣ ಸರಿದರೂ ತಪ್ಪು ಮಾಹಿತಿ ಬರಬಹುದು.

2. ಪ್ರತ್ಯೇಕಿಸುವ ವಿಧಾನ: ಬಡ್ಡಿ, ದಂಡ, ಬಾಕಿಗಳ ಲೆಕ್ಕದ ನಿಯಮಗಳನ್ನು ಪರದೆಯ ಭಾಗದಿಂದ ಬೇರ್ಪಡಿಸಿ, ಅದೇ ನಿಯಮಗಳನ್ನು ಗಣಕಯಂತ್ರ, ಮೊಬೈಲ್ ಎರಡಕ್ಕೂ ಒದಗಿಸುವುದು. ಶ್ರಮ ಹೆಚ್ಚು, ಫಲ ಬಾಳಿಕೆಯುಳ್ಳದ್ದು.

3. ಸಂಪೂರ್ಣ ಮರುರಚನೆ: ಇದರಲ್ಲಿ ಅಪಾಯ ಅಧಿಕ. ಪೈಸೆಗಳನ್ನು ರೂಪಾಯಿಗೆ ಸರಿಹೊಂದಿಸುವ ಕ್ರಮದಂತಹ ಅನೇಕ ನಿಯಮಗಳು ಯಾವ ಕಡತದಲ್ಲಿಯೂ ಇರದೆ, ಹಳೆಯ ಸಂಕೇತದಲ್ಲಿ ಮಾತ್ರ ಉಳಿದಿರುತ್ತವೆ.

ಕನ್ನಡದ ಮಾಹಿತಿಗೆ ವಿಶೇಷ ಎಚ್ಚರ ಅಗತ್ಯ. ಹಳೆಯ ಫಾಂಟ್ ಆಧಾರಿತ ಕಡತಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಸಂಗ್ರಹವಾಗಿರುತ್ತದೆ. ಯೂನಿಕೋಡ್‌ನಲ್ಲಿ ರಕಾರವು ಮೊದಲು ಬರುತ್ತದೆ. ಪರಿವರ್ತನೆಯಲ್ಲಿ ಈ ಕ್ರಮ ತಪ್ಪಿದರೆ ‘ಧರ್ಮಪ್ಪ’ ಎಂಬ ಹೆಸರು ಕೆಡುತ್ತದೆ, ಹುಡುಕಿದರೂ ಸಿಗುವುದಿಲ್ಲ. ಹೆಸರು ಸಿಗದ ಖಾತೆದಾರರ ಪಾಲಿಗೆ ದಾಖಲೆಯೇ ಇಲ್ಲದಂತೆ.

ಆದ್ದರಿಂದ ಯಾವುದೇ ಕಚೇರಿ ಇಂತಹ ಬದಲಾವಣೆ ಕೈಗೊಳ್ಳುವಾಗ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ:

• ವಿನ್ಯಾಸಕ್ಕೆ ಮೊದಲು, ತಂತ್ರಾಂಶ ರಚಿಸುವವರು ಜನಸಂದಣಿಯ ದಿನ ಕೌಂಟರಿನಲ್ಲಿ ಕುಳಿತು ಕೆಲಸವನ್ನು ವೀಕ್ಷಿಸುವುದು.
• ಟ್ಯಾಬ್, ಎಂಟರ್ ಹಾಗೂ ಫಂಕ್ಷನ್ ಕೀಲಿಗಳ ಹಳೆಯ ಕ್ರಮವನ್ನು ಉಳಿಸಿ, ಮೌಸ್ ಬಳಕೆಯನ್ನು ಐಚ್ಛಿಕಗೊಳಿಸುವುದು.
• ಒಂದು ರಶೀದಿಗೆ ತಗಲುವ ಸಮಯವನ್ನು ಬದಲಾವಣೆಯ ಮೊದಲು ಮತ್ತು ನಂತರ ಅಳೆದು ಹೋಲಿಸುವುದು.
• ಕೆಲಕಾಲ ಎರಡೂ ತಂತ್ರಾಂಶಗಳನ್ನು ಜೊತೆಯಾಗಿ ನಡೆಸಿ, ದಿನದ ಮೊತ್ತವನ್ನು ತಾಳೆ ನೋಡುವುದು.
• ಪರಿವರ್ತಿತ ಹೆಸರುಗಳನ್ನು ಮೂಲ ವಹಿಯೊಡನೆ ಪರಿಶೀಲಿಸುವುದು.

ಹೊಸ ಪರದೆಯಿಂದ ಹೊಸಬರು ಬೇಗ ಕಲಿಯುವಂತಾಗಬೇಕು. ಹಳಬರ ಕೈವೇಗವೂ ಕುಗ್ಗಬಾರದು. ಸರತಿಯಲ್ಲಿ ನಿಂತವರು ಬೇಗನೆ ಮನೆಗೆ ಮರಳುವಂತಾದರೆ ಮಾತ್ರ ಅದನ್ನು ಸುಧಾರಣೆ ಎನ್ನಬಹುದು.