ರಿಜಿಸ್ಟರಿನಲ್ಲಿ ಹೆಸರಿದೆ, ಓಟಿಲ್ಲ

ರಾಜ್ಯ ದಂತ ಪರಿಷತ್ತಿನ ರಿಜಿಸ್ಟರಿನಲ್ಲಿ ನನ್ನ ಹೆಸರಿದೆ. ನಂಬರಿದೆ, ಸೀಲಿದೆ, ಕಟ್ಟಿದ ಫೀಸಿನ ರಸೀದಿಯೂ ಇದೆ. ಪರಿಷತ್ತಿಗೆ ಚುನಾವಣೆ ನಡೆದರೆ ಓಟು ಮಾತ್ರ ಇಲ್ಲ. ನಾನು ಡೆಂಟಲ್ ಹೈಜೀನಿಸ್ಟ್, ಯಾದಗಿರಿಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ. ಪೇಷಂಟುಗಳಲ್ಲಿ ಕೆಲವರು ನರ್ಸ್ ಅನ್ನುತ್ತಾರೆ, ಕೆಲವರು ಸಣ್ಣ ಡಾಕ್ಟರ್ ಅನ್ನುತ್ತಾರೆ. ಶಹಾಪುರ ಕಡೆಯಿಂದ ಬರುವ ಅಜ್ಜಿಯರ ಬಾಯಲ್ಲಿ ನಾನು ‘ಹಲ್ಲು ತಿಕ್ಕೋ ತಂಗಿ’. ಮೂರರಲ್ಲಿ ಅದೇ ಹೆಚ್ಚು ಸರಿ.

ಪಿಯುಸಿ ಆದಮೇಲೆ ಎರಡು ವರ್ಷ ಕಲಿಯುವ ಕೋರ್ಸು ನಮ್ಮದು. ಹಲ್ಲಿಗೆ ಅಂಟಿದ ಕಿಟ್ಟ ತೆಗೆಯುತ್ತೇವೆ, ಪಾಲಿಶ್ ಮಾಡುತ್ತೇವೆ, ಬಾಯಿ ಹೇಗೆ ಸ್ವಚ್ಛ ಇಟ್ಟುಕೊಳ್ಳಬೇಕೆಂದು ಹೇಳಿಕೊಡುತ್ತೇವೆ. ಹಲ್ಲು ಕೀಳುವುದು, ರೂಟ್ ಕೆನಾಲ್, ಔಷಧಿ ಚೀಟಿ ಎಲ್ಲ ಡಾಕ್ಟರದ್ದು. ನಮ್ಮ ಕೆಲಸ ಎಲ್ಲಿದೆ ಅಂತ ತಿಳಿಯಬೇಕಾದರೆ ಕೆಳಗಿನ ಮುಂಬಲ್ಲುಗಳ ಒಳಮೈಯನ್ನು ಸಣ್ಣ ಕನ್ನಡಿ ಹಿಡಿದು ನೋಡಬೇಕು. ನಾಲಿಗೆಯ ಅಡಿಯ ಜೊಲ್ಲಿನ ಗ್ರಂಥಿಗಳು ತೆರೆದುಕೊಳ್ಳುವುದು ಅಲ್ಲಿಯೇ. ಜೊಲ್ಲಿನಲ್ಲಿರುವ ಸುಣ್ಣದ ಅಂಶ ಹಲ್ಲಿನ ಮೇಲಿನ ಪಾಚಿಗೆ ಸೇರಿ ಗಟ್ಟಿಯಾಗುತ್ತದೆ. ಬೋರಿನ ನೀರು ಕಾಯಿಸಿ ಕಾಯಿಸಿ ಹಂಡೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ. ಆಮೇಲೆ ಬ್ರಶ್ಶಿಗೂ ಬಗ್ಗುವುದಿಲ್ಲ, ಬೇವಿನ ಕಡ್ಡಿಗೂ ಬಗ್ಗುವುದಿಲ್ಲ. ಸ್ಕೇಲರ್ ಇಟ್ಟರೆ ಚೂರುಚೂರಾಗಿ ಎದ್ದು ಬರುತ್ತದೆ. ಅದರ ಹಿಂದೆ ಒಸಡಿನಿಂದ ಒಂದಿಷ್ಟು ರಕ್ತ.

ರಕ್ತ ಕಂಡ ಕೂಡಲೇ ಮಾತು ಶುರುವಾಗುತ್ತದೆ.

‘ತಂಗಿ, ಕಿಟ್ಟ ತೆಗದ್ರ ಹಲ್ಲು ಸಡ್ಲ ಆಗ್ತಾವಂತಲ್ಲ?’

‘ಹಲ್ಲು ಮೊದ್ಲೇ ಸಡ್ಲ ಆಗ್ಯಾವ ಆಯಿ. ಕಿಟ್ಟ ಹಿಡಕೊಂಡು ನಿಂತದ ಅಂತ ನಿಮಗ ಗೊತ್ತಾಗಿಲ್ಲ ಅಷ್ಟ.’

ಇಷ್ಟನ್ನು ಸಮಾಧಾನದಿಂದ ಹೇಳಲು ಡಾಕ್ಟರಿಗೆ ಪುರುಸೊತ್ತಿರುವುದಿಲ್ಲ. ಹೊರಗೆ ಬೆಂಚಿನ ತುಂಬ ಹಲ್ಲುನೋವಿನವರು ಕೂತಿರುತ್ತಾರೆ. ಹೇಳುವುದೇ ನನ್ನ ಕೆಲಸದ ಅರ್ಧ ಪಾಲು.

ಇದು ಕಾನೂನೇ ಒಪ್ಪಿದ ಮಾತು. 1948ರ ದಂತವೈದ್ಯರ ಕಾಯ್ದೆ ಹೈಜೀನಿಸ್ಟ್ ಯಾರೆಂದು ವಿವರಿಸುವಾಗ ಕಿಟ್ಟ ತೆಗೆಯುವುದು, ಸ್ವಚ್ಛ ಮಾಡುವುದು, ಪಾಲಿಶ್ ಮಾಡುವುದರ ಜೊತೆಗೆ ಬಾಯಿಯ ಆರೋಗ್ಯದ ಬಗ್ಗೆ ತಿಳಿಹೇಳುವುದನ್ನೂ ಸೇರಿಸಿದೆ. ನಮಗೆ ಪ್ರತ್ಯೇಕ ರಿಜಿಸ್ಟರ್ ಇಡಬೇಕೆಂದೂ ಹೇಳಿದೆ. ಸ್ವಾತಂತ್ರ್ಯ ಬಂದ ಮರುವರ್ಷವೇ ಇಷ್ಟು ಯೋಚಿಸಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಅದೇ ಕಾಯ್ದೆ ಪರಿಷತ್ತಿನ ಕುರ್ಚಿಗಳನ್ನು ಹಂಚುವಾಗ ದಂತವೈದ್ಯರು ಆರಿಸಿದ ಪ್ರತಿನಿಧಿಗಳು, ಡೆಂಟಲ್ ಕಾಲೇಜುಗಳ ಮುಖ್ಯಸ್ಥರು, ಸರ್ಕಾರ ನೇಮಿಸಿದವರು ಎಂದು ಪಟ್ಟಿ ಮಾಡಿತು. ಹೈಜೀನಿಸ್ಟರ ಹೆಸರು ಅಲ್ಲಿಲ್ಲ. ನಮ್ಮ ಕೋರ್ಸು, ನಮ್ಮ ಪರೀಕ್ಷೆ, ನಮ್ಮ ನೋಂದಣಿ, ತಪ್ಪು ಮಾಡಿದರೆ ನಮ್ಮ ವಿಚಾರಣೆ ಎಲ್ಲ ಇನ್ನೊಂದು ವೃತ್ತಿಯವರ ಕೈಯಲ್ಲಿ. 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಹೊಸ ಕಾಯ್ದೆ ಬಂತು. ದಂತವೈದ್ಯರ ಜೊತೆಗೆ ಸಹಾಯಕ ವೃತ್ತಿಯವರಿಗೂ ರಾಷ್ಟ್ರೀಯ ರಿಜಿಸ್ಟರ್ ಇರಬೇಕೆಂದು ಅದು ಹೇಳುತ್ತದೆ. ಆಯೋಗದಲ್ಲಿ ನಮಗೆಂದು ಮೀಸಲಿಟ್ಟ ಕುರ್ಚಿ ಇದರಲ್ಲೂ ಇಲ್ಲ.

ಬೇರೆ ದೇಶಗಳಲ್ಲಿ ಇದು ನೂರು ವರ್ಷದ ಹಳೆಯ ಜಗಳ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್ ಊರಿನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯರಿದ್ದರು. ಹಲ್ಲು ಹಾಳಾದಮೇಲೆ ರಿಪೇರಿ ಮಾಡುವುದಕ್ಕಿಂತ ಹಾಳಾಗದಂತೆ ನೋಡಿಕೊಳ್ಳುವುದು ಮೇಲು ಎಂಬ ಹಟ ಅವರದು. 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಸ್ವಚ್ಛ ಮಾಡುವ ಕೆಲಸ ಕಲಿಸಿದರು. ಆಕೆ ಅವರ ಸಂಬಂಧಿಯೂ ಹೌದು. 1913ರಲ್ಲಿ ಇದಕ್ಕೆಂದೇ ಶಾಲೆ ತೆರೆದರು. ಮೊದಲ ತಂಡದಲ್ಲಿ ಶಾಲಾ ಟೀಚರುಗಳಿದ್ದರು, ನರ್ಸುಗಳಿದ್ದರು, ದಂತವೈದ್ಯರ ಹೆಂಡತಿಯರೂ ಇದ್ದರು. ಕಲಿತು ಹೊರಬಂದವರಲ್ಲಿ ಹಲವರು ಬ್ರಿಡ್ಜ್‌ಪೋರ್ಟಿನ ಶಾಲೆಗಳಿಗೇ ಹೋಗಿ ಮಕ್ಕಳ ಹಲ್ಲು ತೊಳೆದರು. ನಮ್ಮ ವೃತ್ತಿ ಬೇರುಬಿಟ್ಟದ್ದು ಕ್ಲಿನಿಕ್ಕಿನಲ್ಲಿ ಅಲ್ಲ, ಶಾಲೆಯಲ್ಲಿ. ಈ ಮಾತನ್ನು ಮುಂದೆ ಮತ್ತೆ ಎತ್ತುತ್ತೇನೆ.

ಸಂಘವೂ ಅಷ್ಟೇ ಬೇಗ ಹುಟ್ಟಿತು. 1914ರಲ್ಲಿ ಕನೆಕ್ಟಿಕಟ್ಟಿನ ಹೈಜೀನಿಸ್ಟರು ಒಟ್ಟಾದಾಗ ಅಧ್ಯಕ್ಷೆಯಾದವರು ಇದೇ ನ್ಯೂಮನ್. ಮೂರು ವರ್ಷದ ನಂತರ ಜಗತ್ತಿನ ಮೊದಲ ಹೈಜೀನಿಸ್ಟ್ ಲೈಸೆನ್ಸ್ ಸಿಕ್ಕಿದ್ದೂ ಆಕೆಗೆ. ಲೈಸೆನ್ಸಿಗಿಂತ ಸಂಘ ಮೊದಲು ಬಂತು ನೋಡಿ! ಒಹಾಯೊ ರಾಜ್ಯದ ಕಥೆ ಇನ್ನೂ ಚೆನ್ನ. ಅಲ್ಲಿನ ಡೆಂಟಲ್ ಕಾಲೇಜೊಂದು ಫೋನ್ಸರಿಗಿಂತ ಮೊದಲೇ, 1910ರಲ್ಲೇ, ಇಂಥ ಕೋರ್ಸು ಶುರು ಮಾಡಿತ್ತು. ರಾಜ್ಯದ ದಂತವೈದ್ಯರು ವಿರೋಧಿಸಿದರು, ಕೋರ್ಸು ಮುಚ್ಚಿತು. 1923ರಲ್ಲಿ ಅದೇ ಒಹಾಯೊದ ಕ್ಲೀವ್‌ಲ್ಯಾಂಡ್ ನಗರದಲ್ಲಿ 11 ರಾಜ್ಯಗಳ 46 ಹೈಜೀನಿಸ್ಟರು ಸೇರಿ ಅಮೆರಿಕದ ರಾಷ್ಟ್ರೀಯ ಸಂಘ ಕಟ್ಟಿದರು. ಬ್ರಿಟನ್ನಿನಲ್ಲಿ ಸಂಘವಾದದ್ದು 1949ರಲ್ಲಿ. ಅಂತರರಾಷ್ಟ್ರೀಯ ಒಕ್ಕೂಟ 1986ರಲ್ಲಿ, ನಾರ್ವೆಯ ಓಸ್ಲೊದಲ್ಲಿ.

ಸಂಘ ಆದ ತಕ್ಷಣ ಸ್ವಾತಂತ್ರ್ಯ ಸಿಗಲಿಲ್ಲ. ಡಾಕ್ಟರ ಮೇಲ್ವಿಚಾರಣೆ ಇಲ್ಲದೆ ನಮ್ಮ ಕೆಲಸ ನಾವು ಮಾಡಬಹುದೇ ಎಂಬ ಒಂದೇ ಪ್ರಶ್ನೆಗೆ ಅಮೆರಿಕದಲ್ಲಿ ಮೊದಲು ಪೂರ್ತಿ ಹೌದು ಎಂದದ್ದು ಕೊಲರಾಡೊ ರಾಜ್ಯ, 1986ರಲ್ಲಿ. ಬ್ರಿಟನ್ನಿನಲ್ಲಿ ರೋಗಿ ನೇರವಾಗಿ ಹೈಜೀನಿಸ್ಟ್ ಬಳಿ ಹೋಗಬಹುದು ಎಂದಾದದ್ದು 2013ರಲ್ಲಿ. ಸೌತ್ ಕೆರೊಲಿನಾದಲ್ಲಿ ನಡೆದದ್ದನ್ನು ಓದಿದಾಗ ನನಗೆ ಸುರಪುರ ತಾಲ್ಲೂಕೇ ನೆನಪಾಯಿತು. ಅಲ್ಲಿ ಬಡ ಮಕ್ಕಳಿಗೆ ದಂತವೈದ್ಯರು ಸಿಗುತ್ತಿರಲಿಲ್ಲ. 2000ರಲ್ಲಿ ಶಾಸನಸಭೆ ಕಾನೂನು ತಿದ್ದಿ, ಡಾಕ್ಟರ್ ಮೊದಲು ನೋಡಲೇಬೇಕೆಂಬ ಷರತ್ತಿಲ್ಲದೆ ಹೈಜೀನಿಸ್ಟರು ಶಾಲೆಗಳಲ್ಲಿ ಹಲ್ಲು ಸ್ವಚ್ಛ ಮಾಡಬಹುದು ಎಂದಿತು. ಮರುವರ್ಷವೇ ದಂತವೈದ್ಯರ ಮಂಡಳಿ ತುರ್ತು ನಿಯಮ ತಂದು ಷರತ್ತನ್ನು ಹಿಂದಕ್ಕೆ ತಂದಿತು. 2003ರಲ್ಲಿ ಕೇಂದ್ರದ ಫೆಡರಲ್ ಟ್ರೇಡ್ ಕಮಿಷನ್, ಇದು ಪೈಪೋಟಿ ತಡೆಯುವ ಕೆಲಸ ಎಂದು ಮಂಡಳಿಯ ಮೇಲೆಯೇ ದೂರು ಹೂಡಿತು. 2007ರಲ್ಲಿ ಮಂಡಳಿ ರಾಜಿಗೆ ಬಂತು. ಅಷ್ಟು ವರ್ಷದಲ್ಲಿ ಒಂದನೇ ತರಗತಿಯ ಮಗು ಏಳನೆಯದಕ್ಕೆ ಬಂದಿರುತ್ತದೆ.

ನಮ್ಮ ಕಡೆಯ ಶಾಲೆಗಳ ಮಾತಿಗೆ ಬರುತ್ತೇನೆ. ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಕುಡಿಯುವ ನೀರಿನ ಮಾನದಂಡ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅಂಥ ನೀರು ಕುಡಿದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಪಟ್ಟಿ ಬೀಳುತ್ತವೆ. ಸುರಪುರ ಕಡೆಯ ಒಂದು ಶಾಲೆಗೆ ಡಾಕ್ಟರ ಜೊತೆ ಕ್ಯಾಂಪಿಗೆ ಹೋದಾಗ ಒಬ್ಬ ಹುಡುಗಿ ಕೈಯಿಂದ ಬಾಯಿ ಮುಚ್ಚಿಕೊಂಡೇ ಬಂದಳು. ಕೈ ತೆಗೆಸಿ ನೋಡಿದರೆ ಮುಂದಿನ ಎರಡು ಹಲ್ಲಿನ ಮೇಲೆ ಕಂದು ಪಟ್ಟಿ, ಒಸಡಿನ ಅಂಚು ಕೆರೆದು ಕೆಂಪಾಗಿದೆ. ಇಟ್ಟಂಗಿ ಪುಡಿ ಹಾಕಿ ತಿಕ್ಕುತ್ತಿದ್ದಳಂತೆ. ಕ್ಲಾಸಿನಲ್ಲಿ ಎಲ್ಲರೂ ಅವಳನ್ನು ಹಲ್ಲು ತಿಕ್ಕದವಳು ಎಂದು ಕಾಡಿಸುತ್ತಿದ್ದರಂತೆ. ಅದು ಕೊಳೆಯಲ್ಲ, ಹಲ್ಲಿನ ಮೈಯಲ್ಲೇ ಇದೆ, ನನ್ನ ಮೆಷಿನ್ ಇಟ್ಟರೂ ಹೋಗುವುದಿಲ್ಲ ಎಂದು ಅವಳಿಗೆ ಹೇಳಿದೆ. ಆಮೇಲೆ ಅದನ್ನೇ ಇಡೀ ಕ್ಲಾಸಿಗೆ ಕೇಳುವಂತೆ ಮತ್ತೊಮ್ಮೆ ಹೇಳಿದೆ.

ಅಮೆರಿಕದ ಪುಸ್ತಕದಲ್ಲಿ ಶಾಲೆ ಅಂದರೆ ಮಕ್ಕಳ ಹಲ್ಲಿಗೆ ಫ್ಲೋರೈಡ್ ಹಚ್ಚು ಅಂತಿರುತ್ತದೆ. ಇಲ್ಲಿ ಮೊದಲು ಊರಿನ ನೀರು ಯಾವುದು, ಹೊಳೆಯದೋ ಬೋರಿನದೋ ಎಂದು ಕೇಳಬೇಕು. ಕೋರ್ಸಿನ ಸಿಲೆಬಸ್ ಬರೆಯುವ ಕಡೆ ನಮ್ಮವರೊಬ್ಬರು ಕೂತಿರಬೇಕು ಎನ್ನುವುದು ಇದಕ್ಕೇ.

ಆ ಕ್ಯಾಂಪು ಮತ್ತೆ ಆಗಲಿಲ್ಲ. ಡಾಕ್ಟರ್ ಒಂದು ದಿನ ಹಳ್ಳಿಗೆ ಹೊರಟರೆ ಕ್ಲಿನಿಕ್ ಒಂದು ದಿನ ಬಂದ್. ಅವರನ್ನು ದೂರುವಂತಿಲ್ಲ, ಬಾಡಿಗೆ ಕಟ್ಟುವವರು ಅವರು. ಅವರ ಮೇಲ್ವಿಚಾರಣೆ ಇಲ್ಲದೆ ನಾನೊಬ್ಬಳೇ ಹೋಗುವಂತಿಲ್ಲ. ದೊಡ್ಡ ಚಿಕಿತ್ಸೆ ಬೇಕಾದರೆ ನಮ್ಮ ಜನ ಕಲಬುರಗಿಗೋ ರಾಯಚೂರಿಗೋ ಡೆಂಟಲ್ ಕಾಲೇಜಿಗೆ ಹೋಗುತ್ತಾರೆ, ಹತ್ತಿ ಕೆಲಸದಿಂದ ಬಿಡುವಿದ್ದಾಗ, ಕೈಯಲ್ಲಿ ದುಡ್ಡಿದ್ದಾಗ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಸರ್ಕಾರ ದಂತಭಾಗ್ಯ ಯೋಜನೆಯಲ್ಲಿ ಹಲ್ಲಿನ ಸೆಟ್ ಉಚಿತವಾಗಿ ಕೊಡುತ್ತದೆ. ಒಳ್ಳೆಯದೇ. ಅದೇ ಹಿರಿಯರ ಬಾಯಲ್ಲಿ ಹಲ್ಲಿದ್ದಾಗ ಕಿಟ್ಟ ತೆಗೆಯುವವರನ್ನು ಹಳ್ಳಿಗೆ ಕಳಿಸಿದ್ದರೆ ಎಷ್ಟು ಸೆಟ್ ಉಳಿಯುತ್ತಿತ್ತೋ! 2014–15ರಲ್ಲಿ ಶುರುವಾದ ಕೇಂದ್ರದ ಬಾಯಿ ಆರೋಗ್ಯ ಕಾರ್ಯಕ್ರಮದಲ್ಲಿ ದಂತವೈದ್ಯ ಮತ್ತು ಸಹಾಯಕರ ಜೊತೆ ಹೈಜೀನಿಸ್ಟ್ ಹುದ್ದೆಗೂ ನೆರವಿದೆ. ಅಂದರೆ ನಮ್ಮ ಅಗತ್ಯ ಕಾಗದದ ಮೇಲೆ ಒಪ್ಪಿಗೆಯಾಗಿದೆ.

ನಮ್ಮನ್ನು ನಮ್ಮಷ್ಟಕ್ಕೆ ಬಿಟ್ಟರೆ ಏನಾದೀತೋ ಎಂಬ ಡಾಕ್ಟರುಗಳ ಭಯವೂ ಸುಳ್ಳಲ್ಲ. ಗುಟ್ಕಾ ಅಗಿಯುವವನ ಕೆನ್ನೆಯೊಳಗಿನ ಬಿಳಿ ಕಲೆ ಏನೆಂದು ನಿರ್ಧರಿಸುವುದು ನನ್ನ ಕೆಲಸವಲ್ಲ. ಹೃದಯದ ವಾಲ್ವ್ ಬದಲಿಸಿದವರಿಗೆ, ರಕ್ತ ತೆಳುವಾಗುವ ಗುಳಿಗೆ ನುಂಗುವವರಿಗೆ ಕೇಳದೆ ಸ್ಕೇಲರ್ ಇಡಬಾರದು. ಇವೆಲ್ಲ ನಮಗೆ ಕಲಿಸಿದ್ದಾರೆ. ಎಲ್ಲಿ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸಬೇಕು ಎಂಬುದು ಗೊತ್ತಿರುವುದೇ ಈ ವೃತ್ತಿಯ ಲಕ್ಷಣ. ನಾನು ಬಜಾರಿನಲ್ಲಿ ಬೋರ್ಡ್ ಹಾಕಿ ಅಂಗಡಿ ತೆರೆಯುತ್ತೇನೆ ಅನ್ನುತ್ತಿಲ್ಲ. ಶಾಲೆಗೆ, ಅಂಗನವಾಡಿಗೆ, ಹಾಸಿಗೆ ಹಿಡಿದ ಮುದುಕರ ಮನೆಗೆ ಹೋಗಲು ಬಿಡಿ ಅನ್ನುತ್ತಿದ್ದೇನೆ.

ಕಲ್ಯಾಣ ಕರ್ನಾಟಕದ ನಾವು ಕೆಲವು ಹೈಜೀನಿಸ್ಟರು ಈಗ ಸಂಘ ಮಾಡುವ ಮಾತಾಡುತ್ತಿದ್ದೇವೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸಹಿ ಹಾಕಿದರೆ ಸಾಕು, ಏಳು ಜನ ಇದ್ದೇವೆ. ಬೈಲಾ ಬರೆಯುವಾಗ ಒಂದು ಕಲಮಿನಲ್ಲಿ ಸಿಕ್ಕಿಕೊಂಡಿದ್ದೇವೆ. ಹಿರಿಯ ದಂತವೈದ್ಯರೊಬ್ಬರನ್ನು ಗೌರವಾಧ್ಯಕ್ಷರನ್ನಾಗಿ ಮಾಡಬೇಕೆಂದು ನಮ್ಮಲ್ಲೇ ನಾಲ್ವರು ಹಟ ಹಿಡಿದಿದ್ದಾರೆ. ‘ಡಾಕ್ಟರ್ ಹೆಸರಿಲ್ದ ಪತ್ರ ಬರದ್ರ ಬೆಂಗಳೂರಾಗ ಯಾರು ಬಿಚ್ಚಿ ನೋಡ್ತಾರಕ್ಕಾ?’ ಎಂಬುದು ಅವರ ವಾದ. ಅದನ್ನು ಅಲ್ಲಗಳೆಯುವುದು ಸುಲಭವಲ್ಲ. ಡಾಕ್ಟರನ್ನು ಸಲಹೆಗಾರರನ್ನಾಗಿ ಇಟ್ಟುಕೊಳ್ಳೋಣ, ಅಧ್ಯಕ್ಷತೆ, ಸಹಿ, ಓಟು ನಮ್ಮಲ್ಲೇ ಇರಲಿ ಎಂಬುದು ಉಳಿದ ಮೂವರ ವಾದ. ಆ ಮೂವರಲ್ಲಿ ನಾನೂ ಒಬ್ಬಳು. ಬರುವ ಭಾನುವಾರ ಮಧ್ಯಾಹ್ನ ಕಲಬುರಗಿಯಲ್ಲಿ ಮತ್ತೆ ಕೂಡುತ್ತೇವೆ. ಅಷ್ಟರೊಳಗೆ ಒಬ್ಬರನ್ನಾದರೂ ನಮ್ಮ ಕಡೆ ಎಳೆಯಬೇಕು.