ಧ್ವನಿಸುರುಳಿಗಳಲ್ಲಿ ಭಾಗವತರ ಗುರುತು

ಪುತ್ತೂರು, ಸುಳ್ಯ, ಕಡಬ ಪರಿಸರದ ಯಕ್ಷಗಾನಪ್ರಿಯರ ಮನೆಗಳಲ್ಲಿ ಉಳಿದಿರುವ ಆಟ, ತಾಳಮದ್ದಲೆಗಳ ಹಳೆಯ ಧ್ವನಿಸುರುಳಿಗಳಲ್ಲಿ ಅನೇಕವುಗಳ ಮೇಲೆ ಪ್ರಸಂಗದ ಹೆಸರಷ್ಟೇ ಇರುತ್ತದೆ; ಹಾಡಿದವರ ಹೆಸರಿಲ್ಲ. ಅಲ್ಲಿ ಕಿವಿಯೇ ಪ್ರಮಾಣ. ಒಮ್ಮೆ ತಪ್ಪಾಗಿ ಬರೆದ ಹೆಸರು ಪ್ರತಿಯಿಂದ ಪ್ರತಿಗೆ ಸಾಗಿ ಇತಿಹಾಸವೇ ಆಗಿಬಿಡುತ್ತದೆ.

ಎಲ್ಲರೂ ಮೊದಲು ಗಮನಿಸುವುದು ಶ್ರುತಿಯನ್ನು. ಹೆಚ್ಚು ಮೋಸಗೊಳಿಸುವುದೂ ಅದೇ. ಏರುಶ್ರುತಿ ಎಂದೊಡನೆ ಬಲಿಪ ನಾರಾಯಣ ಭಾಗವತರು (1938–2023) ನೆನಪಾಗುವುದು ಸಹಜ. ಆದರೆ ಸುರುಳಿಯ ವೇಗ ಸುಮಾರು ಶೇಕಡಾ 6ರಷ್ಟು ಹೆಚ್ಚಿದರೆ ಶ್ರುತಿ ಅರ್ಧಸ್ವರ ಮೇಲೇರುತ್ತದೆ. ಬ್ಯಾಟರಿ ಸೊರಗಿದ ಯಂತ್ರದಲ್ಲಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ಕೇಳಿದರೆ ಯಾವ ಭಾಗವತರೂ ಏರುಕಂಠದವರೇ! ವೇಗದ ವ್ಯತ್ಯಾಸಕ್ಕೆ ಅಷ್ಟಾಗಿ ಕೆಡದಿರುವುದು ಹಾಡಿನ ನಡೆ: ಪದ್ಯದ ಎತ್ತುಗಡೆ, ಅಕ್ಷರವನ್ನು ತಾಳದ ಮೇಲೆ ಇಡುವ ಕ್ರಮ, ಮುಕ್ತಾಯ. ದಾಮೋದರ ಮಂಡೆಚ್ಚರ ರಾಗವಿಸ್ತಾರಕ್ಕೂ ಬಲಿಪರ ಹಳೆಯ ಮಟ್ಟಿನ ಬಿಗಿಗೂ ಇರುವ ಅಂತರ ಅಲ್ಲಿ ತಿಳಿಯುತ್ತದೆ.

ತಾಳಮದ್ದಲೆಯಲ್ಲಿ ಅರ್ಥಧಾರಿಯೂ ಸಾಕ್ಷಿ. ಸುಳ್ಯ ಸೀಮೆಯ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು 1984ರಲ್ಲಿ ನಿಧನರಾದುದರಿಂದ, ಅವರ ಮಾತಿರುವ ಮುದ್ರಣ ಅದಕ್ಕೆ ಈಚಿನದಲ್ಲ. ಪರಿಚಿತವಾದ ಆ ಕಂಠವೇ ತೆಳುವಾಗಿ ಕೇಳಿಸಿದರೆ ಮೊದಲು ಸುರುಳಿಯ ವೇಗವನ್ನು ತಿದ್ದಿಕೊಳ್ಳಬೇಕು. ಭಾಗವತರ ಹೆಸರನ್ನು ಬರೆಯುವುದು ಆಮೇಲೆ.